ಅಪರಾಳ ತಮ್ಮಣ್ಣ: ಪಾರಿಜಾತದ ಕಥೆಯ ರಂಗರೂಪ

ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ಅಗ್ರಸ್ಥಾನವಿದೆ. ಈ ಆಟವನ್ನು ಹೆಸರಿಸುವಾಗ ಕುಲಗೋಡ ತಮ್ಮಣ್ಣನನ್ನು ನೆನೆಯುವುದು ವಾಡಿಕೆ. ಆದರೆ ಅದಕ್ಕೆ ಮೂಲವಾದ ಕೃತಿಯನ್ನು ಕಟ್ಟಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆದುದರಿಂದ ಮೂಲಕವಿಯ ಪಾಲು ಮಸುಕಾಗಿದೆ. ಅದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಅಪರಾಳವು ದೇವದುರ್ಗ ತಾಲ್ಲೂಕಿನ ಊರು. ತಮ್ಮಣ್ಣನ ಕಾಲವನ್ನು ಸಾಮಾನ್ಯವಾಗಿ 18ನೆಯ ಶತಮಾನದ ಕೊನೆ ಹಾಗೂ 19ನೆಯ ಶತಮಾನದ ಆರಂಭದ ಅವಧಿಗೆ ಇಡಲಾಗುತ್ತದೆ. ಆಗ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಬೇರೆಯಾಗಿದ್ದರೂ ಜನರ ನಾಲಗೆಯ ಮೇಲೆ ಹರಿದಾಸರ ಕನ್ನಡ ಬೆಳೆಯುತ್ತಿತ್ತು. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಹಾಕಿದ ದಾರಿಯಲ್ಲಿ ಬ್ಯಾಗವಾಟದ ಜಗನ್ನಾಥದಾಸರು (1728-1809) ಮಾನ್ವಿಯಲ್ಲಿ ನೆಲಸಿ ಹರಿಕಥಾಮೃತಸಾರವನ್ನು ರಚಿಸಿದರು. ಶಾಸ್ತ್ರದ ವಿಷಯವನ್ನು ಹಾಡಿನ ಮೂಲಕ ಮನೆಮನೆಗೆ ಮುಟ್ಟಿಸಿದ ಈ ಪರಿಸರವೇ ತಮ್ಮಣ್ಣನ ಹಿನ್ನೆಲೆ. ದಾಸರು ಕೀರ್ತನೆಯಲ್ಲಿ ಸಾಧಿಸಿದುದನ್ನು ಅವನು ಆಟದಲ್ಲಿ ಸಾಧಿಸಿದನೆನ್ನಬಹುದು.

ಅವನು ಆರಿಸಿಕೊಂಡ ವಸ್ತು ದೀಪಾವಳಿಯ ಪುರಾಣಕ್ಕೆ ಹೊಂದಿಕೊಂಡದ್ದು. ಭಾಗವತದ ದಶಮ ಸ್ಕಂಧ ಹಾಗೂ ವಿಷ್ಣುಪುರಾಣಗಳ ಪ್ರಕಾರ ನರಕಾಸುರನನ್ನು ಕೊಂದ ಕೃಷ್ಣ ಸತ್ಯಭಾಮೆಯೊಡನೆ ಸ್ವರ್ಗಕ್ಕೆ ಹೋಗಿ, ಅದಿತಿಯ ಕುಂಡಲಗಳನ್ನು ಒಪ್ಪಿಸಿ, ಇಂದ್ರನನ್ನು ಸೋಲಿಸಿ ಪಾರಿಜಾತ ವೃಕ್ಷವನ್ನು ದ್ವಾರಕೆಗೆ ತರುತ್ತಾನೆ. ನರಕ ಚತುರ್ದಶಿಯಂದು ಸ್ಮರಿಸುವ ವಿಜಯದ ಮುಂದಿನ ಘಟ್ಟವಿದು. ಹರಿವಂಶದಲ್ಲಿ ಕಥೆಯ ಮೊದಲೇ ಬೇರೆ. ಅಲ್ಲಿ ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗು ಕಾವ್ಯದಲ್ಲಿ ವಿಸ್ತರಿಸಿದ್ದೂ ಈ ಮುನಿಸನ್ನೇ.

ರಂಗಕ್ಕೆ ಒಗ್ಗುವುದು ಈ ಎರಡನೆಯ ಧಾರೆ. ಗರುಡಾರೂಢನಾದ ಕೃಷ್ಣನ ಯುದ್ಧವನ್ನು ಬಯಲಿನ ಅಟ್ಟದ ಮೇಲೆ ತೋರಿಸುವುದು ಕಷ್ಟ. ಒಂದು ಹೂವಿನಿಂದ ಕದಡಿದ ಮನೆಯನ್ನು ತೋರಿಸುವುದು ಸುಲಭ, ಅದು ನೋಡುಗರ ಅನುಭವಕ್ಕೂ ಹತ್ತಿರ. ಆದುದರಿಂದ ಪಾರಿಜಾತದಲ್ಲಿ ವೀರಕ್ಕಿಂತ ವಿರಹ, ಪವಾಡಕ್ಕಿಂತ ಸಂವಾದ ಪ್ರಧಾನ. ಭಾಮೆಯ ಗರ್ವ ಕರಗುವುದು ಭಕ್ತಿಯ ನೆಲೆಯಾದರೆ, ಭಗವಂತನೇ ಕೊರವಂಜಿಯ ವೇಷದಲ್ಲಿ ಬಂದು ಮುನಿದ ಮಡದಿಗೆ ಕಣಿ ಹೇಳುವುದು ವಿನೋದದ ನೆಲೆ. ಇವೆರಡನ್ನೂ ಬಿಡದೆ ಹೊಂದಿಸಿದುದೇ ಈ ರೂಪಾಂತರದ ಯಶಸ್ಸು. ಕೃಷ್ಣೆಯ ಕೆಳಹರಿವಿನಲ್ಲಿ ಕೂಚಿಪೂಡಿಯ ಭಾಮಾಕಲಾಪವೂ ಇದೇ ನಾಯಿಕೆಯನ್ನು ಕೇಂದ್ರವಾಗಿರಿಸಿಕೊಂಡಿರುವುದು ತೌಲನಿಕ ಅಧ್ಯಯನಕ್ಕೆ ಅರ್ಹವಾದ ಸಂಗತಿ.

ತಮ್ಮಣ್ಣನ ಕೃತಿ ಅವನ ಸೀಮೆಯಲ್ಲಿಯೇ ನಿಲ್ಲಲಿಲ್ಲ. ನಿಜಾಮರ ಗಡಿಯನ್ನು ದಾಟಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗೋಕಾಕ ಸೀಮೆಯನ್ನು ಮುಟ್ಟಿತು. ಅಲ್ಲಿ 19ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ಅದನ್ನು ಪರಿಷ್ಕರಿಸಿ ಹಾಡುಗಬ್ಬದ ಧಾಟಿಯಿಂದ ಸಣ್ಣಾಟದ ಧಾಟಿಗೆ ತಂದನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹಿಂದುಸ್ತಾನಿ ರಾಗಗಳ ಛಾಯೆ, ಆಡುಮಾತಿನ ಚುರುಕು, ಭಾಗವತ ಹಾಗೂ ದೂತಿಯ ಮಾತುಗಾರಿಕೆಗಳಿಂದ ಅದು ಇಡೀ ರಾತ್ರಿ ಜನರನ್ನು ಹಿಡಿದಿಡುವ ಆಟವಾಯಿತು. 20ನೆಯ ಶತಮಾನದಲ್ಲಿ ಕೌಜಲಗಿ ನಿಂಗಮ್ಮ ಈ ಆಟದಿಂದ ಖ್ಯಾತಿ ಪಡೆದರು.

ಹೀಗೆ ಬೆಳೆದ ಆಟದಲ್ಲಿ ಒಬ್ಬನ ಕರ್ತೃತ್ವವನ್ನು ಮಾತ್ರ ಎತ್ತಿಹಿಡಿಯುವುದು ಸರಿಯಲ್ಲ. ಕುಲಗೋಡ ತಮ್ಮಣ್ಣ ಅದಕ್ಕೆ ರಂಗದ ಉಸಿರನ್ನು ಕೊಟ್ಟುದು ನಿಜ. ಆದರೆ ಹಬ್ಬದ ಪುರಾಣವನ್ನು ಹಾಡಿ ಆಡಬಲ್ಲ ಕನ್ನಡದ ಕಥೆಯನ್ನಾಗಿಸಿದ ಶ್ರೇಯಸ್ಸು ಅಪರಾಳದವನಿಗೆ ಸಲ್ಲಬೇಕು. ಆಟ ಜನರದಾದಷ್ಟೂ ಕವಿಯ ಹೆಸರು ಹಿಂದೆ ಸರಿಯುವುದು ಜಾನಪದದ ಸಹಜ ಗತಿ. ರಾಯಚೂರು ಜಿಲ್ಲೆಯ ಸಾಹಿತ್ಯ ಚರಿತ್ರೆಯಲ್ಲಿ ದಾಸಸಾಹಿತ್ಯದ ಪಕ್ಕದಲ್ಲಿ ಬಯಲಾಟಕ್ಕೂ ಒಂದು ಅಧ್ಯಾಯ ಬೇಕೆಂಬುದನ್ನು ತಮ್ಮಣ್ಣನ ಸಾಧನೆ ಸ್ಪಷ್ಟಪಡಿಸುತ್ತದೆ.