ಸತ್ತ 36 ವರ್ಷಕ್ಕೆ ಸಿಕ್ಕ ಗೌರವದ ಬಿಡುಗಡೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮಾಜಿ ಸೈನಿಕರ ಬಗ್ಗೆ ಮಾತು ಬಂದಾಗೆಲ್ಲ ನನಗೆ ಹೆನ್ರಿ ಫ್ಲಿಪ್ಪರ್ ನೆನಪಾಗ್ತಾರೆ. 1856ರಲ್ಲಿ ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, 1877ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಮೊದಲ ಕಪ್ಪು ಪದವೀಧರರಾದವರು.

1881ರಲ್ಲಿ ಸೇನೆಯ ಹಣ ನುಂಗಿದ ಆರೋಪ ಬಂತು. ಕೋರ್ಟ್ ಮಾರ್ಷಲ್‌ನಲ್ಲಿ ಅದು ಬಿದ್ದುಹೋಯ್ತು. ಆದರೆ ಅಧಿಕಾರಿಗೆ ತಕ್ಕುದಲ್ಲದ ನಡತೆಯೆಂದು 1882ರಲ್ಲಿ ವಜಾ ಮಾಡಿದರು. ಎಂಜಿನಿಯರ್ ಆಗಿ ಬದುಕು ಕಟ್ಟಿಕೊಂಡ ಫ್ಲಿಪ್ಪರ್, ಕಳಂಕ ತೊಳೆಯಲು ಸಂಸತ್ತಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರು, 1940ರಲ್ಲಿ ತೀರಿಕೊಂಡರು. ವಜಾವನ್ನು ಗೌರವದ ಬಿಡುಗಡೆಯೆಂದು ಸೇನೆ ತಿದ್ದಿದ್ದು 1976ರಲ್ಲಿ. ಅಧ್ಯಕ್ಷರ ಕ್ಷಮಾದಾನ ಬಂದದ್ದು 1999ರಲ್ಲಿ.

ನಮ್ಮಲ್ಲಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅನ್ಯಾಯವಾಗಿದೆ ಅನ್ನಿಸಿದರೆ, ನಾಚಿಕೆಪಟ್ಟು ಬಿಡುಗಡೆ ಪತ್ರವನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ. ತಿದ್ದುಪಡಿ ಬದುಕಿದ್ದಾಗಲೇ ಕೈಗೆ ಬರಬೇಕು.