ಒಂದೇ ಕೆಲಸ ಎಷ್ಟು ಸಲ? – ಗ್ರೇಸ್ ಹಾಪರ್

ಹೋದ ವಾರ ಶೆಲ್ ಸ್ಕ್ರಿಪ್ಟಿಂಗ್ ಲ್ಯಾಬಲ್ಲಿ ನಾಲ್ಕು ಸಾಲಿನ ಫಾರ್ ಲೂಪ್ ಬರೆದು ಇನ್ನೂರು ಫೈಲ್‌ಗಳ ಹೆಸರನ್ನು ಒಂದೇ ಏಟಿಗೆ ಬದಲಾಯಿಸಿದೆ. ಕೈಯಲ್ಲಿ ಮಾಡಿದ್ರೆ ಅರ್ಧ ದಿನ ಹೋಗ್ತಿತ್ತು, ನಾಲ್ಕೈದು ತಪ್ಪೂ ಆಗ್ತಿತ್ತು. ಇದೇ ತೊಂದರೆಗೆ 1952ರಲ್ಲೇ ದಾರಿ ಹುಡುಕಿದವರು ಗ್ರೇಸ್ ಹಾಪರ್.

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತೆ ಅಂತ ನೋಡೋಕೆ ಒಂದನ್ನು ಬಿಚ್ಚಿದಳು. ವಾಪಸ್ ಜೋಡಿಸೋಕೆ ಬರಲಿಲ್ಲ. ನೋಡಿ ಕಲಿಯೋಣ ಅಂತ ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಚ್ಚಿಹೋದ ಮೇಲೆ ಅಮ್ಮನಿಗೆ ಗೊತ್ತಾಯ್ತು. ಅಂದಿನಿಂದ ಅವಳ ಪಾಲಿಗೆ ಒಂದೇ ಗಡಿಯಾರ.

1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದು ವಾಸರ್ ಕಾಲೇಜಲ್ಲಿ ಪಾಠ ಮಾಡ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ನೌಕಾಪಡೆ ಸೇರಬೇಕು ಅನ್ನೋ ಆಸೆ. ತೂಕ ಕಮ್ಮಿ ಇತ್ತು. ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿಯೇಬಿಟ್ಟರು. ಮರುವರ್ಷ ಅವರನ್ನು ಹಾರ್ವರ್ಡ್‌ಗೆ, ಮಾರ್ಕ್ 1 ಅನ್ನೋ ಸುಮಾರು 51 ಅಡಿ ಉದ್ದದ ಯಂತ್ರದ ಮುಂದೆ ಕಳಿಸಿದರು.

ಮಾರ್ಕ್ 1ಕ್ಕೆ ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಮಾಡಿ ಕೊಡಬೇಕಿತ್ತು. ಸೈನ್ ಲೆಕ್ಕ ಮಾಡೋ ಕೋಡ್ ಒಮ್ಮೆ ಸರಿಯಾಗಿ ಓಡಿದರೆ ಅದನ್ನು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ತಿದ್ದರು. ಮತ್ತೆ ಬೇಕಾದಾಗ ಅಲ್ಲಿಂದ ಕೈಯಲ್ಲೇ ಕಾಪಿ. ಕಾಪಿ ಮಾಡುವಾಗ ಒಂದು ಅಂಕಿ ತಪ್ಪಿದರೂ ಇಡೀ ಲೆಕ್ಕ ಹಾಳು. ಬುದ್ಧಿವಂತರೇ ಹೀಗೆ ಪದೇ ಪದೇ ಎಡವೋದನ್ನು ಹಾಪರ್ ಗಮನಿಸಿದರು. ಬೇಸರವಿಲ್ಲದೆ, ತಪ್ಪಿಲ್ಲದೆ ಕಾಪಿ ಮಾಡೋದು ಯಂತ್ರಕ್ಕೆ ಬರುತ್ತಲ್ಲ, ಆ ಕೆಲಸ ನಮಗ್ಯಾಕೆ?

1949ರಲ್ಲಿ ಎಕರ್ಟ್-ಮಾಕ್ಲಿ ಕಂಪನಿ ಸೇರಿ ಯೂನಿವ್ಯಾಕ್ ಯಂತ್ರದ ಮೇಲೆ ಕೆಲಸ ಶುರು ಮಾಡಿದರು. ಹಳೆಯ ಕೋಡ್ ತುಣುಕುಗಳನ್ನೆಲ್ಲ ಟೇಪಿನಲ್ಲಿಟ್ಟು ಒಂದೊಂದಕ್ಕೂ ಗುರುತು ಕೊಟ್ಟರು. 1952ರಲ್ಲಿ ಎ-ಝೀರೋ ಸಿದ್ಧವಾಯ್ತು. ಗುರುತು ಬರೆದರೆ ಸಾಕು, ಯಂತ್ರವೇ ತುಣುಕು ಹುಡುಕಿ ತಂದು ಜೋಡಿಸ್ತಿತ್ತು. ಅವರು ಅದನ್ನು ಕಂಪೈಲರ್ ಅಂದರು. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್‌ಗೆ ಹತ್ತಿರ. ಕಂಪ್ಯೂಟರ್ ಇರೋದು ಲೆಕ್ಕ ಮಾಡೋಕೆ, ಪ್ರೋಗ್ರಾಂ ಬರೆಯೋಕಲ್ಲ ಅಂತ ತುಂಬಾ ಜನ ನಂಬಲೇ ಇಲ್ಲ.

ಹಾಪರ್ ಬಿಡಲಿಲ್ಲ. ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದು ಅಂತ ಫ್ಲೋ-ಮ್ಯಾಟಿಕ್ ಮಾಡಿ ತೋರಿಸಿದರು. 1959ರಲ್ಲಿ ಒಂದು ಸಮಿತಿ ಕೋಬಾಲ್ ಭಾಷೆ ರೂಪಿಸಿದಾಗ ಅದಕ್ಕೆ ದೊಡ್ಡ ಆಧಾರ ಇದೇ. ಬ್ಯಾಂಕುಗಳಲ್ಲಿ ಕೋಬಾಲ್ ಇವತ್ತಿಗೂ ಓಡ್ತಿದೆ.

1966ರಲ್ಲಿ ನೌಕಾಪಡೆ ನಿವೃತ್ತಿ ಕೊಟ್ಟು, ಮರುವರ್ಷವೇ ವಾಪಸ್ ಕರೆಸಿಕೊಂಡಿತು! ಕೊನೆಗೆ 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ವೈರ್ ಹಂಚ್ತಿದ್ದರು: ಒಂದು ನ್ಯಾನೋಸೆಕೆಂಡಲ್ಲಿ ಬೆಳಕು ಹೋಗೋ ದೂರ ಅಷ್ಟು. 1992ರ ಜನವರಿ 1ರಂದು ತೀರಿಕೊಂಡರು.

ಸ್ಕ್ರಿಪ್ಟ್ ಬರೆಯೋದು ಸೋಮಾರಿಗಳ ಕೆಲಸ ಅಂತ ನಾವು ತಮಾಷೆ ಮಾಡ್ತೀವಿ. ಆದರೆ ಒಂದು ಸಲ ಸರಿಯಾಗಿ ಬರೆಯೋಕೆ ಎಷ್ಟು ತಲೆ ಓಡಿಸಬೇಕು ಅಂತ ಬರೆದವರಿಗೇ ಗೊತ್ತು. ಮುಂದಿನ ಸಲ ಅದೇ ಕಮಾಂಡನ್ನು ಮೂರನೇ ಬಾರಿ ಟೈಪ್ ಮಾಡ್ತಿದ್ದರೆ, ಒಂದು ನಿಮಿಷ ನಿಲ್ಲಿಸಿ ಆ ನೋಟ್‌ಬುಕ್ ನೆನಪಿಸಿಕೊಳ್ಳಿ.