ಓಟಗಾರ ಜೇಮ್ಸ್ ಫಿಕ್ಸ್

ಓಟವೇ ಆರೋಗ್ಯಕ್ಕೆ ಹೆದ್ದಾರಿಯೆಂದು ಲಕ್ಷಾಂತರ ಜನರಿಗೆ ತಿಳಿಯಹೇಳಿದ ಅಮೆರಿಕದ ಜೇಮ್ಸ್ ಫಿಕ್ಸ್ ಅವರು ನಿತ್ಯದ ಓಟಕ್ಕೆಂದು ಹೊರಟವರು ರಸ್ತೆಯ ಬದಿಯಲ್ಲಿಯೇ ಕುಸಿದು ಅಸುನೀಗಿದರೆಂಬ ವಾರ್ತೆಯು 1984ರಲ್ಲಿ ಅನೇಕರನ್ನು ದಿಗ್ಭ್ರಮೆಗೊಳಿಸಿತು. ಕೆಲವರಿಗೆ ಪರಿಹಾಸ್ಯದ ವಸ್ತುವೂ ಆಯಿತು. ಪರಿಹಾಸ್ಯ ಮಾಡಿದವರು ಅವರ ಜೀವನವೃತ್ತಾಂತವನ್ನು ಪೂರ್ಣವಾಗಿ ಅರಿತವರಲ್ಲ.

1932ರ ಏಪ್ರಿಲ್ 23ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಫಿಕ್ಸ್ ಅವರು ಓಬರ್ಲಿನ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, ತಂದೆಯಂತೆಯೇ ಪತ್ರಿಕಾವೃತ್ತಿಯನ್ನು ಕೈಗೊಂಡರು. ಆ ತಂದೆಯಾದರೋ 35ರ ಪ್ರಾಯದಲ್ಲಿಯೇ ಹೃದಯಾಘಾತಕ್ಕೆ ಗುರಿಯಾಗಿ 43ರಲ್ಲಿ ಅದೇ ರೋಗದಿಂದ ತೀರಿಕೊಂಡವರು. ಮಗನ ಪಿತ್ರಾರ್ಜಿತದಲ್ಲಿ ಈ ರೋಗವೂ ಒಂದು ಪಾಲಾಗಿತ್ತೆನ್ನಬೇಕು.

1967ರಲ್ಲಿ ಫಿಕ್ಸ್ ಅವರಿಗೂ 35 ತುಂಬಿತ್ತು. ದೇಹದ ತೂಕ 214 ಪೌಂಡ್. ದಿನಕ್ಕೆ ಎರಡು ಪ್ಯಾಕ್ ಸಿಗರೇಟು. ಆಗ ಓಡಲು ತೊಡಗಿದರು. ಧೂಮಪಾನವನ್ನು ಬಿಟ್ಟರು, ಸುಮಾರು 60 ಪೌಂಡ್ ಇಳಿದರು, ಮ್ಯಾರಥಾನ್ ಓಟಗಳಲ್ಲಿಯೂ ಪಾಲ್ಗೊಂಡರು. ಈ ಸ್ವಾನುಭವದ ಬಲದಿಂದ ಅವರು ಬರೆದು 1977ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಬುಕ್ ಆಫ್ ರನ್ನಿಂಗ್' ಗ್ರಂಥದ ಪ್ರತಿಗಳು ಹತ್ತು ಲಕ್ಷಕ್ಕೂ ಮಿಗಿಲಾಗಿ ಮಾರಾಟವಾದವು. ಮುಖಪುಟದಲ್ಲಿದ್ದ ಓಡುವ ಕಾಲುಗಳು ಗ್ರಂಥಕರ್ತರವೇ.

ಮ್ಯಾರಥಾನ್ ಓಡಬಲ್ಲವನಿಗೆ ಹೃದ್ರೋಗದ ಭಯವಿಲ್ಲವೆಂದು ಕೆಲವು ವೈದ್ಯರೇ ಸಾರುತ್ತಿದ್ದ ಕಾಲವದು. ಮರಣಕ್ಕೆ ಕೆಲವು ತಿಂಗಳು ಮುಂಚೆ ಡಲ್ಲಾಸಿನ ಪ್ರಸಿದ್ಧ ವೈದ್ಯ ಕೆನೆತ್ ಕೂಪರ್ ಅವರು, ಶ್ರಮದ ವೇಳೆಯಲ್ಲಿ ಹೃದಯದ ನಡೆಯನ್ನು ಅಳೆಯುವ ಪರೀಕ್ಷೆಗೆ ಒಳಗಾಗುವಂತೆ ಫಿಕ್ಸ್ ಅವರನ್ನು ಆಹ್ವಾನಿಸಿದರು. ಅವರು ಒಪ್ಪಲಿಲ್ಲ. ತಂದೆಯ ಮರಣವನ್ನು ಬಲ್ಲ ಮಗನು ಇದನ್ನು ನಿರಾಕರಿಸಬಾರದಿತ್ತು.

1984ರ ಜುಲೈ 20ರಂದು ವರ್ಮಾಂಟ್ ರಾಜ್ಯದ ಹಾರ್ಡ್‌ವಿಕ್ ಊರಿನಲ್ಲಿ ಅವರು ಕುಸಿದುಬಿದ್ದರು. ವಯಸ್ಸು 52. ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳಗಳಲ್ಲಿ ಒಂದು ಶೇಕಡ 95ರಷ್ಟು, ಇನ್ನೊಂದು 85ರಷ್ಟು, ಮತ್ತೊಂದು 70ರಷ್ಟು ಕಟ್ಟಿಕೊಂಡಿದ್ದುದು ಶವಪರೀಕ್ಷೆಯಲ್ಲಿ ಕಂಡುಬಂತು. ಓಡುವಾಗ ಹೃದಯವು ಹೆಚ್ಚು ರಕ್ತವನ್ನು ಬೇಡುತ್ತದೆ. ನಾಳವು ಕಿರಿದಾಗಿದ್ದರೆ ಅದು ಒದಗದು. ಬಡಿತದ ಲಯ ತಪ್ಪಿ ಮನುಷ್ಯನು ಕ್ಷಣಮಾತ್ರದಲ್ಲಿ ನೆಲಕ್ಕುರುಳಬಹುದು. ಮಧ್ಯವಯಸ್ಸಿನ ಓಟಗಾರರ ಇಂತಹ ಮರಣಗಳಿಗೆ ಬಹುಪಾಲು ಇದೇ ಕಾರಣ. ಎಳೆಯ ಆಟಗಾರರಲ್ಲಿಯಾದರೆ ವಂಶದಿಂದ ಬಂದ ಹೃದಯಸ್ನಾಯುವಿನ ದೋಷವೇ ಅನೇಕ ವೇಳೆ ಕಾರಣವಾಗಿರುತ್ತದೆ.

ಓಟವೇ ಅವರನ್ನು ಕೊಂದಿತೆನ್ನುವುದು ನ್ಯಾಯವಲ್ಲ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬಾಳಿದರಷ್ಟೆ. ಅದರಲ್ಲಿ ಓಟದ ಪಾಲೂ ಇದ್ದಿರಬಹುದು. ಕೂಪರ್ ಅವರು 1985ರಲ್ಲಿ 'ರನ್ನಿಂಗ್ ವಿದೌಟ್ ಫಿಯರ್' ಎಂಬ ಗ್ರಂಥವನ್ನು ಪ್ರಕಟಿಸಿ, ಓಡುವವರು ಹಠಾತ್ ಮರಣದ ಅಪಾಯವನ್ನು ತಗ್ಗಿಸಿಕೊಳ್ಳುವ ಬಗೆಯನ್ನು ವಿವರಿಸಿದರು.